ತ್ರಿಶಲಾ ಅತ್ಯಾನ ಗಜ್ಜರಿ ಬಣ್ಣದ ಕಾರು

ಹೊತ್ತು ಮುಳುಗಲು ಬಂತೆಂದರೆ ನಮ್ಮ ತ್ರಿಶಲಾ ಅತ್ಯಾ ಕಾರು ಎಲ್ಲಿದೆಯೋ ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. ಅದು ಸಕ್ಕರೆ ಕಾರ್ಖಾನೆಯ ಗೇಟಿನ ಎದುರಾಗಲಿ, ಹಿಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹಾರ್ನ್ ಬಾರಿಸುತ್ತಿರಲಿ, ಅವಳಿಗೆ ಲೆಕ್ಕವೇ ಇಲ್ಲ. ಇಂಜಿನ್ ಆರಿಸಿ, ತೊಡೆಯ ಮೇಲೊಂದು ವಸ್ತ್ರ ಹಾಸಿಕೊಂಡು ಡಬ್ಬಿ ಬಿಚ್ಚುವಳು. ಕತ್ತಲಾದ ಮೇಲೆ ಉಣ್ಣುವಂತಿಲ್ಲ. ಅದು ನಮ್ಮ ಜೈನರ ಮನೆಗಳ ನೇಮ, ಒಪ್ಪಿದೆ. ಆದರೆ ಮನೆ ಕೂಗಳತೆಯಲ್ಲಿರುವಾಗಲೂ? "ಮನಿ ಬಂತಲ್ಲ ಅತ್ಯಾ, ಹೋಗಿ ಉಣ್ಣೂಣು" ಎಂದರೆ, "ಸೂರ್ಯಾ ನಿನ್ನ ಮಾತ ಕೇಳತಾನೇನಲೇ? ನೀನೂ ಒಂದ ರೊಟ್ಟಿ ತಿನ್ನು, ತಲಿ ತಣ್ಣಗಾಗತೈತಿ" ಎಂದು ನನ್ನ ಕೈಗೂ ಜೋಳದ ರೊಟ್ಟಿ, ಶೇಂಗಾ ಚಟ್ನಿ ತುರುಕುವಳು. ಹಿಂದಿನ ಟ್ರ್ಯಾಕ್ಟರಿನವನು ಬಯ್ಯಲೆಂದು ಇಳಿದು ಬಂದರೆ ಅವನಿಗೂ ಒಂದು ರೊಟ್ಟಿ. ಬಂದವನು ಬಾಯಿ ತುಂಬಿಕೊಂಡು ಸುಮ್ಮನೆ ತಿರುಗಿ ಹೋಗುತ್ತಿದ್ದ. ನಾನು ಯಾರಾದರೂ ಗುರುತಿನವರು ನೋಡಿಯಾರೆಂದು ಸೀಟಿನಲ್ಲಿ ಕುಗ್ಗಿ ಕೂತಿರುತ್ತಿದ್ದೆ.

ಅತ್ಯಾ ಎಂದರೆ ನನ್ನ ತಂದೆಯ ತಂಗಿ. ಶಿರಗುಪ್ಪಿಯಲ್ಲಿ ಅವಳ ಮನೆ. ಕಬ್ಬು, ದ್ರಾಕ್ಷಿ ಎಲ್ಲ ಚೆನ್ನಾಗಿಯೇ ಇದೆ. ಮಾವ ತೀರಿಕೊಂಡ ಮೇಲೆ ಮಗ ಭರತೇಶ ವ್ಯವಹಾರ ನೋಡಿಕೊಳ್ಳುತ್ತಾನೆ. ನಾನು ಅಜಿತ, ಅತ್ಯಾನ ಬಾಯಲ್ಲಿ ಅಜ್ಯಾ. ನನ್ನದು ಅಥಣಿಯಲ್ಲಿ ಡ್ರಿಪ್ ಪೈಪಿನ ಅಂಗಡಿ. ಆದರೆ ನನಗೆ ಹುಚ್ಚು ಇರುವುದು ಪೈಪಿನದಲ್ಲ, ಗಾಡಿಗಳದು. ನಮ್ಮ ಬಳಗದಲ್ಲಿ ಯಾರೇ ಗಾಡಿ ತೆಗೆದುಕೊಳ್ಳಲಿ, ಮೊದಲು ನನ್ನನ್ನು ಕೇಳುವ ವಾಡಿಕೆ. ನಮ್ಮ ಸೀಮೆಯಲ್ಲಿ ಗಾಡಿಯ ವಿಷಯ ಸಣ್ಣದಲ್ಲ. ಹೊಲ ಎಷ್ಟೆಂದು ಕೇಳುವ ಮೊದಲು ಅಂಗಳದಲ್ಲಿ ನಿಂತ ಗಾಡಿ ಎಷ್ಟು ಎತ್ತರವಿದೆ ಎಂದು ನೋಡುವ ಜನ ನಾವು. ಬಿಳಿ ಬಣ್ಣ, ಎದೆಮಟ್ಟದ ಬಾನೆಟ್ಟು, ಹಿಂದಿನ ಗಾಜಿನ ಮೇಲೆ ಮನೆತನದ ಹೆಸರು. ಇಷ್ಟಿದ್ದರೆ ಅದು ಗಾಡಿ.

ಇಂಥಲ್ಲಿ ಅತ್ಯಾ ಅರವತ್ತರ ಹತ್ತಿರ ಬಂದಾಗ, ತವರಿನಿಂದ ಬಂದ ಬಂಗಾರದ ಪಾಟ್ಲಿ ಬಳೆ ಮಾರಿ ತನಗೊಂದು ಕಾರು ಬೇಕು ಎಂದಳು. ನಾನು ಕುಣಿದಾಡಿದೆ. ಚಿಕ್ಕೋಡಿಯ ಶೋರೂಮಿಗೆ ಕರೆದುಕೊಂಡು ಹೋಗಿ, ಒಂದೊಂದರ ಬಾಗಿಲು ತೆರೆದು, ಕೂರಿಸಿ, ಇಳಿಸಿ, ಗಂಟಲು ಒಣಗುವವರೆಗೆ ವಿವರಿಸಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅವಳು ಎಲ್ಲ ಕೇಳಿಸಿಕೊಂಡು, ಅಲ್ಲಿದ್ದ ಎಲ್ಲಕ್ಕಿಂತ ಸಣ್ಣ ಕಾರಿನ ತಲೆ ಸವರಿ "ಇದು" ಎಂದಳು.

ಯಾಕೆ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಶೋರೂಮಿನವರಿಗೆ, "ಪೆಟ್ರೋಲ್ ಕಮ್ಮಿ ಕುಡೀತೈತ್ರಿ." ನನ್ನ ತಾಯಿಗೆ, "ವೈನಿ, ಬಸದಿ ಓಣ್ಯಾಗ ತಿರುವಾಕ ಬರತೈತಿ." ಮಗನಿಗೆ, "ನನ್ನ ಕಾಲ ಗಿಡ್ಡಪಾ, ದೊಡ್ಡ ಗಾಡ್ಯಾಗ ಬ್ರೇಕಿಗೆ ಮುಟ್ಟಂಗಿಲ್ಲ." ನನಗೆ ಹೇಳಿದ್ದಂತೂ ಇವೆಲ್ಲವನ್ನೂ ಮೀರಿಸಿತ್ತು:

"ಸಣ್ಣ ಗಾಲಿ ನೋಡು ಅಜ್ಯಾ. ಕೆಳಗ ಇರಬಿ ಕಮ್ಮಿ ಸಾಯ್ತಾವ."

"ಅತ್ಯಾ, ಅದಕ್ಕೂ ನಾಕ ಗಾಲಿ, ಇದಕ್ಕೂ ನಾಕ ಗಾಲಿ!"

"ಅಗಲ ಕಮ್ಮಿ ಅದಾವೋ ಇಲ್ಲೋ?"

ಅಗಲ ಕಡಿಮೆ ಇದ್ದದ್ದು ನಿಜ. ನಾನು ಸೋತು, ಹೋಗಲಿ, ಬಣ್ಣವಾದರೂ ಬಿಳಿಯದು ತಗೋ ಎಂದು ಕೈಮುಗಿದೆ. ಮೂಲೆಯಲ್ಲಿ ಯಾರಿಗೂ ಬೇಡವಾಗಿ ಗಜ್ಜರಿ, ಅಂದರೆ ಕ್ಯಾರೆಟ್ ಬಣ್ಣದ್ದೊಂದು ನಿಂತಿತ್ತು. ಹುಟ್ಟಿದಾಗಿನಿಂದ ನೇಮ ಹಿಡಿದು, ನೆಲದೊಳಗೆ ಬೆಳೆಯುವ ಕಂದಮೂಲ ಬಾಯಿಗೆ ಇಡದ ಹೆಂಗಸು ಗಜ್ಜರಿ ಬಣ್ಣದ ಕಾರು ಮನೆಗೆ ತಂದಳು.

ಕಲಿಸುವ ಕರ್ಮ ನನ್ನ ಪಾಲಿಗೇ ಬಂತು. ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಅವಳನ್ನು ಸುತ್ತು ಹಾಕಿಸುತ್ತಿದ್ದೆ. ಗೇರು ಬೀಳದಿದ್ದರೆ ನನ್ನನ್ನು ಕೇಳುವುದು ಬಿಟ್ಟು ಗೇರಿಗೇ ಹೇಳುವಳು: "ಬೀಳಪಾ, ಬೀಳು, ಯಾರೂ ನಿನಗ ಬಡಿಯಂಗಿಲ್ಲ." ಆಶ್ಚರ್ಯವೆಂದರೆ ಬೀಳುತ್ತಿತ್ತು. ಲೈಸೆನ್ಸೂ ಬಂತು. ರಸ್ತೆಗೆ ಇಳಿದ ಮೇಲೆ ಶುರುವಾಯಿತು ನನ್ನ ನಿಜವಾದ ಪಡಿಪಾಟಲು. ಎಮ್ಮೆಗೆ ಹಾರ್ನ್ ಹೊಡೆಯಬಾರದು, ಬೆದರುತ್ತದೆ. ನಾಯಿ ಮಲಗಿದ್ದರೆ ಅದು ಏಳುವವರೆಗೆ ಕಾಯಬೇಕು. ಒಮ್ಮೆ ಕಾಗವಾಡ ದಾಟಿದ ಮೇಲೆ ಕಬ್ಬಿನ ಎತ್ತಿನ ಗಾಡಿಯೊಂದು ಮುಂದೆ ಸಿಕ್ಕಿತು. ರಸ್ತೆ ಖಾಲಿ ಇದೆ, ದಾಟು ಎಂದು ನಾನು ಬಡಕೊಂಡೆ. "ಅಂವಾ ಬಿಸಲಾಗ ದುಡ್ಯಾಕತ್ತಾನ, ನಾವು ನೆರಳಾಗ ಕುಂತ ಹೊಂಟೀವಿ. ಅವಸರ ಯಾರಿಗೆ ಇರಬೇಕು?" ಎಂದಳು. ನನ್ನ ಅಂಗಡಿಯಲ್ಲಿ ಗಿರಾಕಿ ಕಾದು ಕಾದು ಬೇರೆ ಕಡೆ ಪೈಪು ತೆಗೆದುಕೊಂಡು ಹೋದ.

ಆದರೆ ಅವಳು ಆ ಕಾರನ್ನು ಅನುಭವಿಸಿದಷ್ಟು ನಾನು ನನ್ನ ಯಾವ ಗಾಡಿಯನ್ನೂ ಅನುಭವಿಸಲಿಲ್ಲ ಎಂದು ಒಪ್ಪಲೇಬೇಕು. ಚಾತುರ್ಮಾಸ ಬಂತೆಂದರೆ ಯಾವ ಊರಿನಲ್ಲಿ ಮುನಿಗಳು ತಂಗಿದ್ದಾರೋ ಅಲ್ಲಿಗೆ ಆಹಾರ ಕೊಡಲು ಬೆಳಿಗ್ಗೆಯೇ ಹೊರಡುವಳು. ಓಣಿಯ ಹೆಂಗಸರು ಕಾರಿನ ತುಂಬ. ಪಕ್ಕದ ಮನೆಯ ಗಂಗವ್ವನನ್ನು ಕೊಕಟನೂರಿನ ಎಲ್ಲಮ್ಮನ ಗುಡಿಗೆ ಕರೆದೊಯ್ದು, ಅವಳು ಉಡಿ ತುಂಬಿಸಿ ಬರುವವರೆಗೆ ತಾನು ಕಾರಿನಲ್ಲಿ ಕೂತು ಣಮೋಕಾರ ಮಂತ್ರ ಜಪಿಸುವಳು. ಏಸಿ ಹಾಕುವುದಿಲ್ಲ, ಗಾಜು ಇಳಿಸಿಯೇ ಇರಬೇಕು, ದಾರಿಯುದ್ದಕ್ಕೂ "ಏನ ಬಾಳವ್ವಾ, ಮಗಳ ಬಂದಾಳೇನ?" ಎಂದು ವಿಚಾರಿಸುತ್ತ ಹೋಗುವುದು. ಧೂಳು ತಿಂದು ಕೆಮ್ಮುತ್ತ ನಾನು ಸಿಡಿಮಿಡಿ ಮಾಡಿದರೆ, "ಈ ಗಾಡ್ಯಾಗ ಕುಂತ್ರ ಮಂದಿ ಮಾರಿ ಕಾಣತೈತಿ. ನಿಮ್ಮ ಗಾಡ್ಯಾಗಿಂದ ಬರೇ ತಲಿ ಕಾಣತಾವ" ಎನ್ನುವಳು. ನಾನು ಮಾತು ಬದಲಿಸುತ್ತಿದ್ದೆ.

ಹೀಗಿರುವಾಗ ಭರತೇಶನಿಗೆ ಒಂದು ಅವಮಾನವಾಯಿತು. ಅವನ ಎತ್ತರದ ಬಿಳಿ ಗಾಡಿ ಗ್ಯಾರೇಜಿನಲ್ಲಿತ್ತು. ನಿಪ್ಪಾಣಿಯ ತಂಬಾಕು ವ್ಯಾಪಾರಿಗಳ ಮನೆಯ ಮದುವೆಗೆ ಹೋಗಲೇಬೇಕಿತ್ತು. ವಿಧಿಯಿಲ್ಲದೆ ತಾಯಿಯ ಕಾರು ತೆಗೆದುಕೊಂಡು ಹೋದ. ಆದರೆ ಮಂಗಲ ಕಾರ್ಯಾಲಯದ ಮುಂದೆ ಅದರಿಂದ ಇಳಿಯುವ ಧೈರ್ಯ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಅದನ್ನು ನಿಲ್ಲಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೆವರು ಸುರಿಸುತ್ತ ನಡೆದು ಹೋದ. ಹಿಂದಿನಿಂದ ಬಂದ ಬೀಗರು ನೋಡಿ, "ಕಾ ಹೋ ಭರತೇಶರಾವ್, ಚಾಲತ್ ಆಲಾತ್?" ಎಂದು ಮರಾಠಿಯಲ್ಲಿ, ಏನು ನಡೆದು ಬಂದಿರಾ ಅಂತ ಕೇಳಿದರಂತೆ. ಮರುದಿನವೇ ಅವನು ನನ್ನ ಅಂಗಡಿಗೆ ಬಂದ.

"ಅಜಿತಣ್ಣಾ, ಆ ಡಬರಿಯಂಥಾ ಗಾಡಿ ಎಕ್ಸ್‌ಚೇಂಜಿಗೆ ಹಾಕೂಣು. ಮ್ಯಾಲಿಂದು ನಾ ಹಾಕತೀನಿ. ದೊಡ್ಡದು ಅವ್ವನ ಹೆಸರಲೇ ತಗೋತೀನಿ. ನೀ ಹೇಳಿದ್ರ ಕೇಳತಾಳ."

ನಾನು ಹೇಳಿದರೆ ಅವಳು ಎಂದು ಕೇಳಿದ್ದಳು? ಆದರೂ ಹೋದೆ. ದೊಡ್ಡ ಗಾಡಿಯಾದರೆ ಭದ್ರ, ಗುಂಡಿ ಬಿದ್ದ ರಸ್ತೆಯಲ್ಲಿ ಸೊಂಟ ಉಳಿಯುತ್ತದೆ, ಮಗ ಪ್ರೀತಿಯಿಂದ ಕೊಡಿಸುತ್ತಿದ್ದಾನೆ ಎಂದೆಲ್ಲ ಹೇಳಿದೆ. ಅತ್ಯಾ ಅಡುಗೆಮನೆಯಲ್ಲಿ ಹೆಸರುಕಾಳು ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ನಿಮ್ಮ ಮಾವ ತೀರಿಕೊಂಡ ವರ್ಷ ಒಂದು ದೊಡ್ಡ ಗಾಡಿ ಬಂತು, ನೆನಪೈತೇನ? ಅದೂ ನನ್ನ ಹೆಸರಲೇ. ಚಾವಿ ಮಾತ್ರ ಭರತ್ಯಾನ ಕಿಸೇದಾಗ. ಕಾಗವಾಡದ ಬಸದಿಗೆ ಹೋಗಬೇಕಂದ್ರ, 'ಅವ್ವಾ, ಇವತ್ತ ಗಾಡಿ ಖಾಲಿ ಇಲ್ಲ.' ನಿಮ್ಮಪ್ಪಗ ಆರಾಮ ಇಲ್ಲಾ ಅಂತ ಸುದ್ದಿ ಬಂದಾಗ, 'ಅವ್ವಾ, ನಾಳಿಗೆ ಹೋಗೂಣು.' ಅಣ್ಣನ ಮಾರಿ ನೋಡಾಕ ಮೂರ ದಿನಾ ದಾರಿ ಕಾದೇನಿ. ಅಂಗಳದಾಗ ನನ್ನ ಹೆಸರಿನ ಗಾಡಿ, ಕಟ್ಟಿ ಮ್ಯಾಲ ನಾ."

ಕಾಳು ಆರಿಸುವ ಕೈ ನಿಂತಿತ್ತು.

"ಗಂಡಸರಿಗೆ ಹೊಡಿಯಾಕ ನಾಚಿಕಿ ಬರುವಂಥಾ ಗಾಡಿ ಹುಡಕಿ ತಂದೇನಿ ಅಜ್ಯಾ. ಅದಕ್ಕ ಅದು ನನ್ನ ಹತ್ತಿರ ಉಳದೈತಿ. ಬಿಳೇದ ಇದ್ದಿದ್ರ ಎಂದೋ ಹೋಗತಿತ್ತು."

ಪೆಟ್ರೋಲು, ಬಸದಿ ಓಣಿ, ಗಿಡ್ಡ ಕಾಲು, ಇರುವೆ! ಇಷ್ಟು ದಿನ ನನ್ನನ್ನು ಹೇಗೆ ಆಡಿಸಿದ್ದಳು! ಕೋಪವೂ ಬಂತು, ನಗುವೂ ಬಂತು. ಹೊರಗೆ ಭರತೇಶ ಕಾಯುತ್ತಿದ್ದ. ಅತ್ಯಾ ತಾನೇ ಎದ್ದು ಬಂದು ಅವನ ಮುಂದೆ ಚಾವಿ ಹಿಡಿದಳು. "ಕೊಡತೀನಪಾ. ಆದ್ರ ಶೋರೂಮಿಗೆ ನೀನ ಹೊಡಕೊಂಡ ಹೋಗಬೇಕು. ಹಾಡಾಹಗಲಿ, ಸಂತಿ ಪ್ಯಾಟಿ ನಡಬರಕ." ಭರತೇಶ ಚಾವಿ ನೋಡಿದ, ಅಂಗಳದ ಕಾರು ನೋಡಿದ, ಮತ್ತೆ ಆ ಮಾತು ಎತ್ತಲಿಲ್ಲ. ನನ್ನ ಮೇಲೆ ಮಾತ್ರ ಇಂದಿಗೂ ಮುನಿಸು. ಮಧ್ಯಸ್ಥಿಕೆಗೆ ಹೋದವನ ಪಾಡು ಇಷ್ಟೇ.

ಇಷ್ಟು ಹಟದಿಂದ ಉಳಿಸಿಕೊಂಡವಳು ಏನು ಮಾಡಿದಳು ಗೊತ್ತೆ? ಎರಡು ವರ್ಷ ಮನಸಾರೆ ತಿರುಗಿ, ಒಂದು ದಿನ ಆರ್ಯಿಕಾ ದೀಕ್ಷೆ ತೆಗೆದುಕೊಂಡು ಸನ್ಯಾಸಿನಿಯಾಗುತ್ತೇನೆ ಎಂದಳು. ದೀಕ್ಷೆ ಎಂದರೆ ಉಟ್ಟದ್ದೊಂದು ಬಿಳಿ ಸೀರೆ, ದಿನಕ್ಕೊಂದೇ ಊಟ, ತನ್ನದೆನ್ನುವ ಮನೆಯಿಲ್ಲ. ಜೀವ ಇರುವವರೆಗೆ ವಾಹನ ಹತ್ತುವಂತಿಲ್ಲ. ಎಲ್ಲಿಗೆ ಹೋದರೂ ಬರಿಗಾಲಲ್ಲೇ ನಡೆಯಬೇಕು. ಸುದ್ದಿ ಕೇಳಿ ನನಗೆ ತಲೆ ಕೆಟ್ಟುಹೋಯಿತು. ಮಗನೊಡನೆ ಜಗಳಾಡಿ, ನನ್ನನ್ನು ಪೇಚಿಗೆ ಸಿಕ್ಕಿಸಿ ಕಾಪಾಡಿದ ಕಾರನ್ನು ಬಿಟ್ಟು ನಡೆದು ಹೋಗುತ್ತಾಳೆಂದರೆ ಏನು ಅರ್ಥ? ಮನೆಯಲ್ಲಿ ಅಳು, ಬೇಡಿಕೆ, ಎಲ್ಲ ನಡೆಯಿತು. ಅವಳು ಕದಲಲಿಲ್ಲ. ಹೊರಡುವ ಮುನ್ನ ಚಾವಿಯನ್ನು ಸೊಸೆ ಸ್ವಪ್ನಾಳ ಕೈಗಿಟ್ಟಳು. ಸ್ವಪ್ನಾ ಕಾರು ತಿರುಗಿಸಿ ಬೇಲಿಯ ಪಕ್ಕ ನಿಲ್ಲಿಸಿದಾಗಲೇ ಅವಳಿಗೆ ಡ್ರೈವಿಂಗ್ ಬರುತ್ತದೆಂದು ಭರತೇಶನಿಗೆ ಗೊತ್ತಾದದ್ದು. ಅತ್ತೆ ಸೊಸೆ ಬಸದಿಗೆಂದು ಹೋಗಿ ಏನು ಮಾಡುತ್ತಿದ್ದರೆಂದು ನನಗೂ ಆಗಲೇ ತಿಳಿದದ್ದು.

ಮೊನ್ನೆ ಮಳೆಗಾಲಕ್ಕೆ ಮುಂಚೆ ರಾಯಬಾಗಕ್ಕೆ ಹೋಗುತ್ತಿದ್ದೆ. ಅಲಖನೂರಿನ ಹತ್ತಿರ ರಸ್ತೆಯ ಅಂಚಿನಲ್ಲಿ ಜೈನ ಸಾಧ್ವಿಯರ ಸಂಘವೊಂದು ಕಾಲ್ನಡಿಗೆಯಲ್ಲಿ ವಿಹಾರ ಹೊರಟಿತ್ತು. ಕೊನೆಯಲ್ಲಿ ಬರುತ್ತಿದ್ದವರ ನಡಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು ಓಡಿದೆ. ಕೂದಲಿಲ್ಲದ ತಲೆಯ ಮೇಲೆ ಬಿಳಿ ಸೆರಗು, ಕೈಯಲ್ಲಿ ನವಿಲುಗರಿಯ ಪಿಂಛಿ. ಹೆಸರೂ ಈಗ ಬೇರೆ. ಬಾಯಿಗೆ ಬಂದ "ಅತ್ಯಾ"ವನ್ನು ನುಂಗಿ "ವಂದಾಮಿ ಮಾತಾಜಿ" ಎಂದೆ. ಪಿಂಛಿ ಎತ್ತಿ ಹರಸಿದರು. ಪಾದಗಳು ಬಿರುಕುಬಿಟ್ಟಿದ್ದವು, ಒಂದು ಹೆಬ್ಬೆರಳಿನಲ್ಲಿ ರಕ್ತ ಒಣಗಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಇಷ್ಟ ನಡಿಯೂದು ಇತ್ತಂದ್ರ, ಆ ಗಾಡಿ ಸಲುವಾಗಿ ಅಷ್ಟ ಯಾಕ ಬಡದಾಡಿದ್ರಿ? ಭರತೇಶನ ಮಾರಿ ಕೆಡಿಸಿದ್ರಿ, ನನ್ನ ತಲಿ ತಿಂದ್ರಿ. ಕಡೀಕ ಬಿಟ್ಟ ಹೋಗೂದಽ ಆಗಿದ್ರ ಅವತ್ತಽ ಕೊಟ್ಟ ಬಿಡಬೇಕಿತ್ತಲ್ಲ!"

ಅವರು ಸಿಟ್ಟಾಗಲಿಲ್ಲ.

"ಮನಿ, ಹೊಲ ಎಲ್ಲಾ ಭರತೇಶನ ಹೆಸರಿಗೆ ಆಗಿದ್ವು ಅಜಿತಾ. ಮನಿ ಬಂಗಾರ ಸೊಸೀದು. ಗುರುಗಳ ಮುಂದ ನಿಂತು ಎಲ್ಲಾ ಬಿಟ್ಟೆ ಅನ್ನಬೇಕಲ್ಲ. ಬಿಡಾಕ ನಂದು ಅಂತ ಏನರ ಇರಬೇಕಲ್ಲಾ?"

ಅಷ್ಟು ಹೇಳಿ, ಪಿಂಛಿಯಿಂದ ಮುಂದಿನ ನೆಲವನ್ನು ಹಗುರವಾಗಿ ಗುಡಿಸಿ, ಸಂಘದ ಹಿಂದೆ ನಡೆದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮೊದಲ ಸಲ ಏನೂ ಸಿಗಲಿಲ್ಲ. ಬರಿಗಾಲಲ್ಲಿ ಸುಡುವ ಡಾಂಬರಿನ ಮೇಲೆ ನಿಂತಿದ್ದೇನೆಂದು ತಿಳಿಯಲು ಬಹಳ ಹೊತ್ತು ಹಿಡಿಯಿತು.