ಬೋಲ್ಟ್ ತೂತಿಗೆ ತುರುಕಿದ ಹೂಬತ್ತಿ

ನಮ್ಮ ಹಾಲಿನ ವ್ಯಾನಿನ ಏರ್ ಫಿಲ್ಟರ್ ಡಬ್ಬ ಕಳಲೆಯಿಂದ ನಂಜನಗೂಡಿಗೆ ಬರುವಾಗ ಸೀಳಿಹೋಯಿತು. ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಕರೀ ಪ್ಲಾಸ್ಟಿಕ್ ಡಬ್ಬ ಅದು. ಸೋಸದ ಧೂಳು ಒಳಗೆ ಹೋದರೆ ಇಂಜಿನ್ನೇ ಹೋದಂತೆ ಎಂದು ಯಜಮಾನರು ವ್ಯಾನನ್ನು ಮನೆ ಮುಂದೆ ನಿಲ್ಲಿಸಿಬಿಟ್ಟರು. ಮಾರನೆಯ ಬೆಳಿಗ್ಗೆ ನಾವು ದಿನವೂ ಹಾಲು ಹಾಕುವ ವರ್ತನೆ ಮನೆಗಳಿಗೆಲ್ಲ ಬೇರೊಬ್ಬನ ಆಟೋದಲ್ಲಿ ಹಾಲು ಹೋಯಿತು. ಆ ಆಟೋದವನಿಗೆ ನಮ್ಮ ವರ್ತನೆಗಳ ಮೇಲೆ ಮೊದಲಿನಿಂದಲೂ ಕಣ್ಣು.

"ನಾಳೇನೂ ಅವ್ನೇ ಆಲಾಕುದ್ರೆ ಜನ ಅವುನ್ನೇ ಒಪ್ಕತಾರೆ ಕಣೆ" ಎಂದು ಯಜಮಾನರು ತಿಂಡಿಯನ್ನೂ ತಿನ್ನದೆ ಬಸ್ಸು ಹತ್ತಿ ಟಿ. ನರಸೀಪುರದ ಗುಜರಿಗೆ ಹೋದರು. ಮಧ್ಯಾಹ್ನ ಹಳೆಯದೊಂದು ಡಬ್ಬ ಹಿಡಿದು ಬಂದರು. ಡಬ್ಬವೇನೋ ಗಟ್ಟಿಯಾಗಿತ್ತು. ಮುಚ್ಚಳ ಬಿಗಿಯುವ ಎರಡು ಬೋಲ್ಟ್ ತೂತುಗಳ ಒಳಗಿನ ತಿರುಪಿನ ಮರೆ ಮಾತ್ರ ಸವೆದು ಹೋಗಿತ್ತು. ಬೋಲ್ಟು ಹಾಕಿದರೆ ಹಿಡಿಯದೆ ಸುಮ್ಮನೆ ಸುತ್ತುತ್ತಿತ್ತು. ತಂತಿ ಸುತ್ತಿ ನೋಡಿದರು. ಮುಚ್ಚಳದ ಮೂಲೆ ಬಾಯಿ ಬಿಟ್ಟುಕೊಂಡೇ ಇತ್ತು.

ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ ಇದನ್ನೆಲ್ಲ ನೋಡುತ್ತಿದ್ದರು. ಬಾಗಿಲ ತಿರುಪು ಸಡಿಲವಾದರೆ ಬತ್ತಿಗೆ ಗೋಂದು ಹಚ್ಚಿ ತೂತಿಗೆ ತುರುಕಿ ಬಿಗಿಯುವುದು ಅವರ ಹಳೆಯ ವಿದ್ಯೆ. ನಮ್ಮ ಮನೆಯ ಅರ್ಧ ಕೀಲುಗಳು ಹಾಗೇ ನಿಂತಿವೆ.

"ಒಂದ್ ಬತ್ತಿ ತುರ್ಕಿ ಬಿಗಿಯೋ, ಅದೇನ್ ಮಾ ವಿದ್ಯೆನಾ?" ಎಂದರು.

ಮನೆಯಲ್ಲಿದ್ದ ಗೋಂದು ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲವೆಂದು ಯಜಮಾನರು ಮೂಲೆ ಅಂಗಡಿಯಿಂದ ಸೂಪರ್ ಗ್ಲೂ ತಂದರು. ಬತ್ತಿಯನ್ನು ತೂತಿಗೆ ಒತ್ತಿ, ಟ್ಯೂಬನ್ನು ಪೂರ್ತಿ ಹಿಂಡಿದರು.

ಬತ್ತಿಯಿಂದ ಬಿಳೀ ಹೊಗೆ ಎದ್ದಿತು.

ನಾನು ಅಕ್ಕಿ ಆರಿಸುತ್ತಿದ್ದ ಮೊರ ಹಾಗೇ ಕೈಯಲ್ಲಿ ನಿಂತಿತು. ಬೆಂಕಿಯಿಲ್ಲ, ಕಿಡಿಯಿಲ್ಲ, ಹೊಗೆ ಮಾತ್ರ ನೂಲಿನಂತೆ ಮೇಲೇರುತ್ತಿದೆ. ಕಣ್ಣು ಉರಿಯಿತು.

"ಅಯ್ಯಪ್ಪಾ, ಸುಡ್ತದೆ!" ಎಂದು ಯಜಮಾನರು ಡಬ್ಬವನ್ನು ಎಸೆದರು. ಅದು ಉರುಳಿ ತುಳಸಿಕಟ್ಟೆಗೆ ಬಡಿಯಿತು.

"ಲೇ, ಕಡ್ಡಿ ಗೀರ್ದೇನ್ಲಾ?" ಎಂದರು ಅತ್ತೆ.

"ಬೆಂಕಿಪಟ್ಣ ಎಲ್ಲದವ್ವಾ ನನ್ ಕೈಲಿ!"

"ಮತ್ತೆ ಒಗೆ? ಅಚ್ದೇನೆ ಬತ್ತಿ ಉರೀತಲ್ಲೋ, ಸಿವ್ನೇ!" ಅತ್ತೆ ಬತ್ತಿಯ ಡಬ್ಬಿಯನ್ನು ಕಾಲಿನಿಂದ ದೂರ ತಳ್ಳಿದರು. ಮರುಕ್ಷಣವೇ ದೇವರ ಬತ್ತಿಗೆ ಕಾಲು ತಾಗಿತೆಂದು ಬಗ್ಗಿ ಕಣ್ಣಿಗೊತ್ತಿಕೊಂಡರು.

ಎದುರು ಮನೆಯ ಮೇಷ್ಟರು ಹೊಗೆ ಕಂಡು ಬಂದು ಕೇಳಿ ನಕ್ಕರು. "ಆ ಗ್ಲೂಗೂ ಹತ್ತಿಗೂ ಆಗಲ್ಲ ಕಣಮ್ಮ. ಸೇರಿದ್ರೆ ತಾವೇ ಕಾಯ್ತವೆ. ಸದ್ಯ, ಬಟ್ಟೆ ಮೇಲೆ ಚೆಲ್ಲಿಕೊಳ್ಳಲಿಲ್ಲವಲ್ಲ."

ಯಜಮಾನರ ಬೆರಳ ತುದಿ ಬೊಬ್ಬೆ ಎದ್ದಿತ್ತು. ಆದರೆ ಅವರ ಲಕ್ಷ್ಯವೆಲ್ಲ ಡಬ್ಬದ ಮೇಲೆ. ತೂತು ಕರಗಿಹೋಗಿದ್ದರೆ ನಾಳೆಯ ಹಾಲೂ ಹೋದಂತೆ. ಹೊಗೆ ನಿಂತ ಮೇಲೆ ಎತ್ತಿ ನೋಡಿದರು. ತೂತಿನ ಅಂಚು ಸ್ವಲ್ಪ ಸೊಟ್ಟಗಾಗಿತ್ತು, ಅಷ್ಟೇ. ಬತ್ತಿ ಮಾತ್ರ ಕಲ್ಲಾಗಿತ್ತು. ಉಗುರಿಗೆ ಟಣ್ ಎಂದಿತು. ಕೈಡ್ರಿಲ್ಲಿನಲ್ಲಿ ಮೆಲ್ಲಗೆ ಕೊರೆದು ಬೋಲ್ಟು ತಿರುಗಿಸಿದರೆ ಗಪ್ಪೆಂದು ಹಿಡಿಯಿತು. ಹೊಗೆಗಿಂತ ಇದೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು. ಯಾಕೆಂದರೆ ಇನ್ನೊಂದು ತೂತು ಬಾಕಿಯಿತ್ತು, ಅದಕ್ಕೂ ಇದನ್ನೇ ಮಾಡಬೇಕಿತ್ತು.

"ಈ ಸಲ ಚೂರೇ ಚೂರು ಹತ್ತಿ, ಒಂದೊಂದೇ ತೊಟ್ಟು" ಎಂದರು ಮೇಷ್ಟರು, ತಾವು ಮಾತ್ರ ಗೇಟಿನಾಚೆ ನಿಂತು. ನಾನು ನೀರು ತುಂಬಿದ ಬಿಂದಿಗೆ ಹಿಡಿದು ನಿಂತೆ. ಯಜಮಾನರು ಇಕ್ಕಳದಲ್ಲಿ ಡಬ್ಬ ಹಿಡಿದು ಮುಖ ಅತ್ತ ತಿರುಗಿಸಿ ತೊಟ್ಟು ಬಿಟ್ಟರು. ಹೊಗೆ ಎಳೆಯಷ್ಟು ಬಂದು ನಿಂತಿತು. ಆ ಬೋಲ್ಟೂ ಹಿಡಿಯಿತು, ರಾತ್ರಿಯೇ ಡಬ್ಬ ವ್ಯಾನಿಗೆ ಕೂತಿತು.

ಬೆಳಿಗ್ಗೆ ಆಟೋದವನು ನಮ್ಮ ಮನೆ ಪಕ್ಕದ ತಿರುವಿನಲ್ಲೇ ಕಾಯುತ್ತಿದ್ದ. "ಏನಣ್ಣೋ, ರೆಡಿ ಆಗೋಯ್ತಾ? ಯಾವ್ ಮೆಕಾನಿಕ್ಕು?"

"ನಮ್ಮವ್ವ" ಎಂದು ಯಜಮಾನರು ಗೇರು ಹಾಕಿದರು.

ವ್ಯಾನು ಕಳಲೆಯ ಕಡೆಗೆ ಹೊರಳಿ ಸದ್ದು ಅಡಗುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ. ನೀರು ತುಂಬಿದ ಬಿಂದಿಗೆ ಅವತ್ತೂ ಕೈಯಲ್ಲೇ ಇತ್ತು.