ಗುಲಾಬಕ್ಕನಿಗೆ ಹೇಳುವುದು ಹೇಗೆ

ದೂರು ಹೇಳುವ ವಿಷಯದಲ್ಲಿ ನಾನು ತೀರಾ ದಡ್ಡ. ಹೋಟೆಲಿನ ಸಾಂಬಾರಿಗೆ ಉಪ್ಪು ಹೆಚ್ಚಾಗಿದ್ದರೆ ಇನ್ನೊಂದು ಲೋಟ ನೀರು ಕೇಳಿ ಕುಡಿಯುತ್ತೇನೆಯೇ ಹೊರತು ಉಪ್ಪಿನ ಸುದ್ದಿ ಎತ್ತುವುದಿಲ್ಲ. ಕ್ಷೌರದಂಗಡಿಯಲ್ಲಿ ಒಂದು ಕಡೆಯ ಕೃತಾ ಮೇಲೆ, ಇನ್ನೊಂದು ಕಡೆಯದು ಕೆಳಗೆ ಮಾಡಿ, ಕನ್ನಡಿ ಹಿಡಿದು "ಸಮ ಆಯ್ತಾ?" ಎಂದರೆ "ಫಸ್ಟ್ ಕ್ಲಾಸ್" ಎನ್ನುತ್ತೇನೆ. ಆಮೇಲೆ ಎರಡು ವಾರ ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು ಓಡಾಡುತ್ತೇನೆ. ಇಂಥ ಮನುಷ್ಯನ ಪಾಲಿಗೆ, ಎರಡು ವರ್ಷದ ಮಗಳ ಅಂಡು ತೊಳೆಯುವ ವಿಷಯವಾಗಿ ಶಿಶುವಿಹಾರಕ್ಕೆ ಹೋಗಿ ಖಡಕ್ಕಾಗಿ ಮಾತಾಡಿ ಬರುವ ಕೆಲಸ ಬಿತ್ತು.

ವಿಷಯ ಹೀಗೆ. ನಾನು ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹೆಂಡತಿ ಸುಮಿತ್ರಾ ಬೈಂದೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಮನೆ ಕುಂದಾಪುರದಲ್ಲಿ. ಬೆಳಿಗ್ಗೆ ಒಬ್ಬರು ತೆಂಕು ದಿಕ್ಕಿಗೆ, ಇನ್ನೊಬ್ಬರು ಬಡಗು ದಿಕ್ಕಿಗೆ ಬಸ್ಸು ಹಿಡಿದರೆ ನಡುವೆ ಉಳಿಯುವವಳು ಮಗಳು ಪುಟ್ಟಿ. ಅವಳನ್ನು ಮನೆಗೆ ಹತ್ತಿರದ ಶಿಶುವಿಹಾರಕ್ಕೆ ಬಿಡುತ್ತೇವೆ. ಅವಳ ಬ್ಯಾಗಿನಲ್ಲಿ ದಿನಾ ಮೂರು ಡೈಪರುಗಳು ಹೋಗುತ್ತವೆ. ಮಳೆಗಾಲ ಶುರುವಾದ ಮೇಲೆ ಆ ಮೂರೂ ಮಡಿಕೆ ಬಿಚ್ಚದೆ ವಾಪಸು ಬರತೊಡಗಿದವು. ಜೊತೆಗೆ ಮಗುವಿನ ತೊಡೆಸಂದಿಯಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆ.

ಸುಮಿತ್ರಾ ಸುಮ್ಮನೆ ಅನುಮಾನಪಡುವವಳಲ್ಲ, ಪರೀಕ್ಷೆ ಮಾಡುವವಳು. ಸ್ಯಾಂಪಲ್ ಬಾಟಲಿಯ ಮೇಲೆ ಬರೆಯುವ ಹಾಗೆ, ಮಗುವಿಗೆ ಕಟ್ಟಿದ ಡೈಪರಿನ ಮೂಲೆಯಲ್ಲಿ ಮಾರ್ಕರ್ ಪೆನ್ನಿನಿಂದ ಬೆಳಗಿನ ಸಮಯ ಬರೆದು ಕಳಿಸಿದಳು. ಸಂಜೆ ಅದೇ ಡೈಪರು, ಅದೇ ಬರಹ. ಆದರೆ ಎತ್ತಿ ನೋಡಿದರೆ ಭಾರವೇ ಇಲ್ಲ. ಇದು ನಮ್ಮಿಬ್ಬರನ್ನೂ ಕಂಗೆಡಿಸಿತು.

"ಬದ್ಲಿಸುದಿಲ್ಲ ಅಂದ್ರೆ ಭಾರ ಆಯ್ಕಿತ್ತ್. ಭಾರ ಇಲ್ಲ ಅಂದ್ರೆ ಮಗು ಉಚ್ಚಿ ಹೊಯ್ಲಿಲ್ಲ. ಇಡೀ ದಿನ ಉಚ್ಚಿ ಹೊಯ್ಲಿಲ್ಲ ಅಂದ್ರೆ ಅವ್ರ್ ನೀರೇ ಕುಡ್ಸುದಿಲ್ಲ. ಅಲ್ದಾ?" ಎಂದಳು.

ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನನಗೂ ಹೆದರಿಕೆಯಾಯಿತು. ಪುಟ್ಟಿಯನ್ನು ಕೇಳೋಣವೆಂದರೆ ಅವಳ ಬಳಿ ಇದ್ದದ್ದು ಹೆಚ್ಚೆಂದರೆ ಮೂವತ್ತು ಪದ, ಅದರಲ್ಲಿ ಅರ್ಧ ಕಾಗೆ ಮತ್ತು ಬೆಕ್ಕಿಗೆ ಸಂಬಂಧಿಸಿದವು. "ನಾಳೆಯೇ ಕೇಣಿ. ನಿಮ್ಮೂರಿನವ್ರ್ ಅಲ್ದಾ ಅವ್ರ್?" ಎಂದು ಸುಮಿತ್ರಾ ಕೇಳುವ ಕೆಲಸವನ್ನು ನನ್ನ ಹೆಗಲಿಗೆ ದಾಟಿಸಿದಳು.

ಕಷ್ಟ ಇದ್ದದ್ದೇ ಅಲ್ಲಿ. ಶಿಶುವಿಹಾರದಲ್ಲಿ ಮಕ್ಕಳನ್ನು ತೊಳೆದು ಒರೆಸಿ ಮಾಡುವವರು ಗುಲಾಬಕ್ಕ. ನನ್ನ ಊರು ಕೋಡಿಯವರೇ. ನಮ್ಮ ಕಡೆ ಹೆರಿಗೆಯಾದ ಮನೆಗೆ ತಾಯಿಯನ್ನೂ ಮಗುವನ್ನೂ ಮೀಸಲು, ಎಂದರೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದು ಸ್ನಾನ ಮಾಡಿಸಲು, ಅದರಲ್ಲಿ ಕೈ ಪಳಗಿದ ಹೆಂಗಸೊಬ್ಬರು ದಿನಾ ಬರುತ್ತಾರೆ. ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲಿನಿಂದ ಕೆಳಗೆ ಕಾಲಿನ ಮೇಲೆ ಕವುಚಿ ಮಲಗಿಸಿ, ಹಂಡೆಯ ನೀರನ್ನು ಚೆಂಬಿನಲ್ಲಿ ಹೊಯ್ಯುವ ಆ ಕೆಲಸ ನೋಡಿದವರಿಗೇ ಗೊತ್ತು. ಮುಗಿದ ಮೇಲೆ ಮೂಗನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ನೆಟ್ಟಗೆ ಮಾಡುವುದೂ ಅವರೇ. ಕೋಡಿಯಲ್ಲಿ ನನ್ನ ವಯಸ್ಸಿನವರ ಮೂಗುಗಳಲ್ಲಿ ಹೆಚ್ಚಿನವು ಗುಲಾಬಕ್ಕನ ಕೈಯವು. ನನ್ನದೂ ಸೇರಿದಂತೆ.

ಈಗ ನೀವೇ ಹೇಳಿ. ಮೂವತ್ತೆಂಟು ವರ್ಷದ ಹಿಂದೆ ನನ್ನನ್ನೇ ಕಾಲಮೇಲೆ ಹಾಕಿ ತೊಳೆದವರ ಎದುರು ನಿಂತು, "ನಿಮಗೆ ಮಗುವನ್ನು ಸ್ವಚ್ಛವಾಗಿಡಲು ಬರುವುದಿಲ್ಲ" ಎನ್ನುವುದು ಹೇಗೆ? ಸಾವಿರಾರು ವರ್ಷದ ಹಿಂದಿನ ನಗರಗಳ ಚರಂಡಿ ವ್ಯವಸ್ಥೆಯ ಬಗ್ಗೆ ಪ್ರತಿವರ್ಷ ಮುಕ್ಕಾಲು ಗಂಟೆ ಪಾಠ ಮಾಡುತ್ತೇನೆ. ಇಟ್ಟಿಗೆ, ಇಳಿಜಾರು, ಮುಚ್ಚಳದ ಕಲ್ಲು ಎಂದೆಲ್ಲ ಕೈಯಾಡಿಸಿ ವರ್ಣಿಸುತ್ತೇನೆ. ಅಂಥವನಿಗೆ ಒಂದು ಡೈಪರಿನ ಬಗ್ಗೆ ಅರ್ಧ ನಿಮಿಷ ಮಾತಾಡಲು ನಾಲಗೆ ಏಳಲಿಲ್ಲ.

ಮೊದಲ ದಿನ ಧೈರ್ಯ ಮಾಡಿ ಗೇಟಿನ ಹತ್ತಿರ ನಿಂತೆ. "ಗುಲಾಬಕ್ಕ, ಒಂದ್ ಮಾತ್..." ಎಂದು ಶುರು ಮಾಡಿದ್ದೇ ತಡ, "ಹ್ವಾಯ್ ಮಾಣಿ, ಮನೆಗೆ ಇವತ್ತ್ ಎಂತ ಮೀನ್?" ಎಂದರು. ನಮ್ಮಲ್ಲಿ ಈ ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡದೆ ಬೇರೆ ವಿಷಯಕ್ಕೆ ಹೋಗುವಂತಿಲ್ಲ. ಬೋಟು ಕಡಲಿಗಿಳಿಯದ ಮಳೆಗಾಲ, ತಾಜಾ ಮೀನಿನ ಬರ, ಐಸಿನ ಬಂಗುಡೆಯ ರುಚಿಗೇಡು, ಒಣಮೀನೇ ವಾಸಿ ಎಂಬಲ್ಲಿಗೆ ಮಾತು ಬಂದಾಗ ನನ್ನ ಬಸ್ಸು ಬಂತು. ಎರಡನೆಯ ದಿನ ಅವರು ನನ್ನ ಮೂಗು ನೋಡಿ, "ನಿನ್ ಮೂಗ್ ಚೂರ್ ಎಡಕ್ಕ್ ಹೋಯ್ತ್ ಕಾಣ್. ಆಗ್ಳ್ ಇನ್ನೆರ್ಡ್ ದಿನ ಎಳಿಕಿತ್ತ್" ಎಂದು ಬೇಸರಪಟ್ಟುಕೊಂಡರು. ತಮ್ಮ ಕೆಲಸದ ತಪ್ಪನ್ನು ತಾವೇ ಒಪ್ಪಿಕೊಳ್ಳುತ್ತಿರುವವರ ಮೇಲೆ ನಾನು ಮತ್ತೊಂದನ್ನು ಹೇಗೆ ಹೇರಲಿ? "ಉಸಿರಾಡುಕೆ ಎಂತ ತೊಂದ್ರಿ ಇಲ್ಲ" ಎಂದು ಸಮಾಧಾನ ಹೇಳಿ ಬಂದೆ.

ಮೂರನೆಯ ದಿನ ಬರಹದ ಮೊರೆ ಹೋದೆ. ಶಿಶುವಿಹಾರದ ಮೇಡಂ ಪ್ರತಿ ಮಗುವಿಗೆ ಒಂದು ಡೈರಿ ಕೊಟ್ಟಿದ್ದಾರೆ, ಪೋಷಕರು ತಮ್ಮ ಅಭಿಪ್ರಾಯ ಬರೆಯಲಿ ಎಂದು. ಅರ್ಧ ಪುಟ ಬರೆದೆ. "ಶುಚಿತ್ವದ ಕುರಿತು ನಮಗಿರುವ ಕಳವಳವನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ" ಎಂಬ ಸಾಲು ನನಗೇ ಬಹಳ ಹಿಡಿಸಿತು. ಆಮೇಲೆ ಹೊಳೆಯಿತು, ಇದನ್ನು ಓದುವವರು ಮೇಡಂ. ಓದಿದ ಮೇಲೆ ಅವರು ಕರೆಯುವುದು ಗುಲಾಬಕ್ಕನನ್ನು. ಈ ವಯಸ್ಸಿನಲ್ಲಿ ಅವರ ಕೆಲಸ ಹೋದರೆ? ಪುಟ ಹರಿದೆ. ಖಾಲಿ ಬಿಡಬಾರದೆಂದು ಮುಂದಿನ ಪುಟದಲ್ಲಿ "ಧನ್ಯವಾದಗಳು" ಎಂದು ಬರೆದೆ. ಮರುದಿನ ಮೇಡಂ ಅದರ ಪಕ್ಕ ಒಂದು ನಗುವ ನಕ್ಷತ್ರ ಅಂಟಿಸಿ ಕಳಿಸಿದ್ದರು.

ಸಂಜೆ ಸಂಜೆ ಸುಮಿತ್ರಾಳ ಪ್ರಶ್ನೆ ಒಂದೇ. "ಕೇಂಡ್ರ್ಯಾ?" ಕೇಳಿದಿರಾ ಎಂದು. ನನ್ನದು ಪ್ರತಿದಿನವೂ ಬೇರೆ ಬೇರೆ ಉತ್ತರ. ಕೊನೆಗೆ ಅವಳು ಸ್ವರ ಏರಿಸದೆ ಹೇಳಿದಳು: "ಶುಕ್ರವಾರದೊಳ್ಗೆ ನೀವ್ ಕೇಣ್ದಿರೆ ನಾನ್ ಕೆಲ್ಸ ಬಿಟ್ಟ್ ಮನೆಲ್ ಕೂಕಂತೆ." ಆ ಲ್ಯಾಬಿನ ಕೆಲಸವೆಂದರೆ ಅವಳಿಗೆ ಜೀವ. ನಾವುಂದದ ತವರುಮನೆಯಲ್ಲಿ ಹಟ ಮಾಡಿ ಓದಿ ಗಳಿಸಿಕೊಂಡದ್ದು. ನನ್ನ ಸಂಕೋಚಕ್ಕೆ ಅವಳು ಅದನ್ನು ಬಿಡಬೇಕೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೆ ಸಿಟ್ಟು ಬಂದ ಮಾತ್ರಕ್ಕೆ ಬಾಯಿ ಬಂತು ಎಂದೇನೂ ಅಲ್ಲ.

ನಿಜ ಹೇಳಬೇಕೆಂದರೆ ಸ್ವಚ್ಛ ಎಂದರೇನು ಎಂಬುದೇ ನನಗೆ ಕಲಸಿಹೋಗಿತ್ತು. ಮೀನು ಮಾರಿ ನಮ್ಮನ್ನು ಸಾಕಿದ ಅಮ್ಮ, ಹೊರಗಿಂದ ಬಂದವರು ಕಾಲಿಗೆ ನೀರು ಹೊಯ್ದುಕೊಳ್ಳದೆ ಜಗಲಿ ಹತ್ತಿದರೆ ಸಹಿಸುತ್ತಿರಲಿಲ್ಲ. ಅದೇ ಅಮ್ಮ ಮೀನು ಹೆಚ್ಚಿದ ಕೈಯನ್ನು ಸೆರಗಿಗೆ ಒರೆಸಿ ನಮಗೆ ಬೆಲ್ಲ ಕೊಡುತ್ತಿದ್ದಳು. ಸುಮಿತ್ರಾಳಿಗೆ ಬಾಟಲಿಯಲ್ಲಿ ಬಂದದ್ದು ಮಾತ್ರ ಸ್ವಚ್ಛ. ಕಾಗದದಿಂದ ಒರೆಸಿಕೊಳ್ಳುವ ದೇಶಗಳು ನೀರಿನಿಂದ ತೊಳೆಯುವವರನ್ನು ನೋಡಿ ಮೂಗು ಮುರಿಯುತ್ತವೆ, ನಾವು ಅವರನ್ನು ನೋಡಿ ಮುರಿಯುತ್ತೇವೆ. ಇದರಲ್ಲಿ ಯಾರ ಪರ ವಾದಿಸಲು ನಾನು ಶಿಶುವಿಹಾರಕ್ಕೆ ಹೋಗುತ್ತಿದ್ದೇನೆ ಎಂದು ಬಸ್ಸಿನಲ್ಲಿ ಕುಳಿತು ಯೋಚಿಸಿದರೆ ಸಾಸ್ತಾನದ ಟೋಲ್ ಬಂದರೂ ಉತ್ತರ ಸಿಗುತ್ತಿರಲಿಲ್ಲ.

ಗುರುವಾರ ಕಾಲೇಜಿನಲ್ಲಿ ಕರೆಂಟಿಲ್ಲದೆ, ಪಂಪು ನಡೆಯದೆ, ಹತ್ತು ಗಂಟೆಗೇ ಬಿಟ್ಟರು. ಹನ್ನೊಂದಕ್ಕೆ ಶಿಶುವಿಹಾರದ ಹಿತ್ತಿಲ ಬದಿಯಿಂದ ಬಂದೆ. ಮಳೆ ಬಿಟ್ಟು ಹೊಳವಾಗಿತ್ತು. ತೆಂಗಿನ ಮರದ ಬುಡದಲ್ಲಿ ಒಂಬತ್ತು ಮಕ್ಕಳು ಸೊಂಟದ ಕೆಳಗೆ ಏನೂ ಇಲ್ಲದೆ ಸಾಲಾಗಿ ಕುಕ್ಕರಗಾಲಲ್ಲಿ ಕುಳಿತಿದ್ದವು. ಮೂರನೆಯವಳು ಪುಟ್ಟಿ. ಗುಲಾಬಕ್ಕ ಚೆಂಬು ಹಿಡಿದು "ಸ್ಸ್ಸ್ಸ್" ಎನ್ನುತ್ತಿದ್ದರು. ಮಕ್ಕಳು ಶ್ರದ್ಧೆಯಿಂದ ತಮ್ಮ ಕೆಲಸ ಮಾಡುತ್ತಿದ್ದವು. ಹಿಂದೆ ಗೋಡೆಯ ಒಂಬತ್ತು ಮೊಳೆಗಳಲ್ಲಿ ಒಂಬತ್ತು ಡೈಪರುಗಳು ನೇತಾಡುತ್ತಿದ್ದವು. ಒಂದರ ಮೂಲೆಯಲ್ಲಿ ನನ್ನ ಹೆಂಡತಿಯ ಅಕ್ಷರ.

ಗುಲಾಬಕ್ಕ ನನ್ನನ್ನು ಕಂಡು ಒಂದಿಷ್ಟೂ ಗಲಿಬಿಲಿಗೊಳ್ಳಲಿಲ್ಲ. "ಆ ಪ್ಲಾಸ್ಟಿಕ್ ತೊಟ್ಟಿ ದಿನ ಇಡೀ ಕಟ್ಟಿರೆ ಮಕ್ಳಿಗೆ ಉರಿ ಆತಿಲ್ಯಾ? ನೀವೆಲ್ಲ ಅತ್ಲಾಗ್ ಹೋದ್ ಕೂಡ್ಲೆ ಬಿಚ್ತೆ. ಸಂಜಿಗೆ ನೀವ್ ಬಪ್ಪತಿಗೆ ಕಟ್ಟಿ ಕೊಡ್ತೆ. ನಿಮ್ಗೆ ಬೇಜಾರ್ ಆಪ್ಪುದ್ ಬ್ಯಾಡ ಅಂದೇಳಿ" ಎಂದರು. ತೊಟ್ಟಿ ಎಂದರೆ ನಮ್ಮಲ್ಲಿ ಪ್ಲಾಸ್ಟಿಕ್ ಚೀಲ, ಇಲ್ಲಿ ಡೈಪರು.

ಅಂದರೆ ನೀರು ಕುಡಿಸುತ್ತಿದ್ದಾರೆ, ಮಗು ಸರಿಯಾಗಿದೆ, ಸುಮಿತ್ರಾ ಕೆಲಸ ಬಿಡಬೇಕಾಗಿಲ್ಲ. ಎದೆಯ ಮೇಲಿಂದ ಒಂದು ಮೂಟೆ ಇಳಿಯಿತು. ಅಷ್ಟರಲ್ಲಿ ಗುಲಾಬಕ್ಕ ಒಂದೊಂದೇ ಮಗುವನ್ನು ಎಬ್ಬಿಸಿ, ತೊಳೆದು, ಹೆಗಲ ಮೇಲಿದ್ದ ಬೈರಾಸಿನಿಂದ ಒರೆಸತೊಡಗಿದರು. ಮೊದಲನೆಯ ಮಗುವಿಗೂ ಅದೇ ಬೈರಾಸು, ಎರಡನೆಯದಕ್ಕೂ ಅದೇ. ಎರಡನೆಯ ಮಗುವಿನ ತೊಡೆಯಲ್ಲಿ ಕೆಂಪು ಗುಳ್ಳೆಗಳಿದ್ದವು. ಆಮೇಲೆ ಪುಟ್ಟಿ.

ಇಳಿದ ಮೂಟೆ ವಾಪಸು ಬಂತು. ನನ್ನ ದೂರು ತಪ್ಪಾಗಿತ್ತು, ಆದರೆ ದೂರು ಬೇಕಾಗಿತ್ತು. ಅವತ್ತೂ ಹೇಳಲಾಗಲಿಲ್ಲ. ಮನೆಯಲ್ಲಿ ವರದಿ ಒಪ್ಪಿಸಿದೆ. ಸುಮಿತ್ರಾ ತೆಂಗಿನ ಮರದ ಕತೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಒಂಬತ್ತ್ ಮಕ್ಳಿಗೆ ಒಂದೇ ಬೈರಾಸಾ?" ಎಂದು ಥಟ್ಟನೆ ನಿಲ್ಲಿಸಿದಳು. ನನ್ನ ಎರಡು ಹಳೆಯ ಹತ್ತಿಪಂಚೆಗಳನ್ನು ತಂದು ಕತ್ತರಿಸಿ, ಅಂಚು ಮಡಿಚಿ ಹೊಲಿದು, ಒಂದರಿಂದ ಒಂಬತ್ತರವರೆಗೆ ಮಾರ್ಕರಿನಲ್ಲಿ ಸಂಖ್ಯೆ ಬರೆದಳು. "ಇದನ್ ಕೊಡಿ. ಕೊಡುಕಾದ್ರೂ ಬಾಯಿ ಬಿಡ್ಕ್ ಅಲ್ದಾ?" ಎಂದಳು.

ಶುಕ್ರವಾರ. ಗುಲಾಬಕ್ಕ ಮೀನಿನ ಪ್ರಶ್ನೆಗೆ ಬಾಯಿ ತೆರೆಯುವ ಮೊದಲೇ ಕಟ್ಟನ್ನು ಅವರ ಕೈಗಿಟ್ಟು ಒಂದೇ ಉಸಿರಿಗೆ ಹೇಳಿದೆ: "ಗುಲಾಬಕ್ಕ, ಒಂದೇ ಬೈರಾಸಲ್ಲಿ ಎಲ್ಲರ್ನೂ ಒರೆಸಿರೆ ಒಬ್ರ್ ಗುಳ್ಳಿ ಇನ್ನೊಬ್ರಿಗ್ ಬತ್ತ್. ಇನ್ ಬೇರೆ ಬೇರೆ ಮಾಡಿ. ಮತ್ತೆ ಡೈಪರ್ ಬಿಚ್ಚುದಾರೆ ನಮ್ಗೆ ಹೇಳಿ ಬಿಚ್ಚಿ. ನಾವ್ ಹೆದ್ರಿ ಹೋಯಿತ್."

ಅವರ ಮುಖ ಒಂದು ಕ್ಷಣ ಸಣ್ಣದಾಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ತುಂಡೊಂದನ್ನು ಬಿಡಿಸಿ, ಬಟ್ಟೆಯ ಮೆದು ನೋಡಿದರು.

"ಎಲ್ಲಾ ಮಕ್ಳೂ ನಂಗ್ ಒಂದೇ ಅಂದೇಳಿ ಒರೆಸ್ದೆ ಮಾಣಿ. ತಪ್ಪೇ ಅದ್" ಎಂದರು. ಆಮೇಲೆ ನನ್ನನ್ನು ದಿಟ್ಟಿಸಿ, "ಇಷ್ಟ್ ಹೇಳುಕೆ ಒಂದ್ ವಾರ ಬೇಕಾಯ್ತಾ ನಿಂಗೆ? ದಿನಾ ಬಂದ್ ಗೇಟಂಗ್ ನಿಂತ್ಕಂಡ್ ಬೆಪ್ಪನ್ ಹಾಂಗೆ ಕಾಂತಿದ್ದೆ. ನೀನ್ ಸಣ್ಣಕಿಪ್ಪತಿಗೂ ಹಾಂಗೇ. ಬೇರೆ ಮಕ್ಳ್ ಒದ್ದಿ ಆದ್ರೆ ಊರ್ ಒಂದ್ ಮಾಡಿ ಕೂಗಿ ಮರ್ಕ್ತಿದ್ದೊ. ನೀನ್ ಒದ್ದಿಯಲ್ಲೇ ಸುಮ್ನೆ ಕಣ್ ಬಿಟ್ಕಂಡ್ ಮನಿಕಂಡಿರ್ತಿದ್ದೆ. ನಾನೇ ಮುಟ್ಟಿ ಕಾಣ್ಕಿತ್ತ್" ಎಂದರು.

ನನ್ನ ಬಗ್ಗೆ ಇಷ್ಟು ಸರಿಯಾದ ಮಾತನ್ನು ಇದುವರೆಗೆ ಯಾರೂ ಹೇಳಿಲ್ಲ.

ಪುಟ್ಟಿಯ ಗುಳ್ಳೆ ಈಗ ಮಾಯ. ಬೈರಾಸಿನಿಂದ ಬಂದಿತ್ತೋ, ನಾವು ಮನೆಯಲ್ಲಿ ರಾತ್ರಿ ಕಟ್ಟುವ ಡೈಪರಿನಿಂದಲೋ, ಮಳೆಗಾಲದ ಒಣಗದ ಚಡ್ಡಿಯಿಂದಲೋ, ಸುಮಿತ್ರಾಳಿಗೂ ಖಚಿತವಿಲ್ಲ, ನನಗಂತೂ ಇಲ್ಲವೇ ಇಲ್ಲ. ಮೊನ್ನೆ ಭಾನುವಾರ ಬ್ರಹ್ಮಾವರದಲ್ಲಿ ಗೆಳೆಯನ ಮಗುವಿನ ನಾಮಕರಣ. ಕಾರು ಮಾಡಿಕೊಂಡು ಹೊರಟಿದ್ದೆವು. ಸಾಸ್ತಾನದ ಟೋಲಿನ ಸಾಲಿನಲ್ಲಿ ನಿಂತಾಗ ಪುಟ್ಟಿ ಕಿಟಕಿಯ ಹೊರಗೆ ತಲೆ ಹಾಕಿ, "ಅಪ್ಪಾ, ಉಚ್ಚಿ!" ಎಂದು ಕೂಗಿದಳು. ಮೀನಿನ ಸುದ್ದಿಯಿಲ್ಲ, ಪೀಠಿಕೆಯಿಲ್ಲ. ಮುಂದಿನ ಲಾರಿಯವನೂ ತಿರುಗಿ ನೋಡಿದ. "ಚೂರ್ ತಡಿ ಮಗ" ಎಂದೆ. ಇನ್ನೂ ಜೋರಾಗಿ ಕೂಗಿದಳು. ಇಳಿಸಿ, ರಸ್ತೆಬದಿಯ ಪೊದೆಯ ಹತ್ತಿರ ಕೂರಿಸಿ, ಹಿಂದಿನ ಗಾಡಿಗಳ ಹಾರನ್ನಿನ ನಡುವೆ ಗುಲಾಬಕ್ಕನ ಹಾಗೆಯೇ "ಸ್ಸ್ಸ್ಸ್" ಎಂದೆ.

ನಾಮಕರಣದ ಊಟದಲ್ಲಿ ಸಾಂಬಾರಿಗೆ ಉಪ್ಪು ಜಾಸ್ತಿಯಾಗಿತ್ತು. ನನ್ನ ಮಡಿಲಲ್ಲಿದ್ದ ಪುಟ್ಟಿ ಒಂದು ತುತ್ತು ಬಾಯಿಗಿಟ್ಟು, "ಉಪ್ಪು!" ಎಂದು ಎಲೆಯ ಮೇಲೇ ಉಗಿದಳು. ಬಡಿಸುವವರು ಓಡಿ ಬಂದು ಎಂತ ಬೇಕು ಎಂದು ನನ್ನನ್ನೇ ಕೇಳಿದರು. ಮಗುವಿಗೆ ಒಂದು ಲೋಟ ನೀರು ಎಂದೆ. ಕುಡಿದದ್ದು ನಾನೇ.