ಹಗ್ಗ ಕಾಯುವ ಭಾವಮೈದ

ಮಾರತ್ತಹಳ್ಳಿ ರಿಂಗ್ ರೋಡಿನ ಗಾಜಿನ ಕಟ್ಟಡವೊಂದರ ಗೇಟಿನೆದುರು ನನ್ನ ಟೀ ಗಾಡಿ. ಸುಭದ್ರಮ್ಮನ ಬಾಯಿ ಜೋರು ಅಂತಾರೆ ಜನ. ಬಾಯಿ ಇಲ್ಲದಿದ್ದರೆ ಈ ರೋಡಿನಲ್ಲಿ ಗಾಡಿ ನಿಲ್ಲಿಸಿದ ಹಾಗೇ!

ಬೊಮ್ಮ ಆ ಗಾಜು ಒರೆಸುವವನು. ಹಗ್ಗಕ್ಕೆ ಜೋತುಬಿದ್ದು ಮೇಲಿನಿಂದ ಒರೆಸುತ್ತಾ ಇಳಿಯಬೇಕು. ನಾಗರಹೊಳೆ ಕಡೆಯ ಜೇನುಕುರುಬ. ಹಾಡಿಯಲ್ಲಿದ್ದಾಗ ಜೇನು ಇಳಿಸಿ ಬದುಕುತ್ತಿದ್ದ. ಆಮೇಲೆ ಕಾಡಿಗೆ ಕಾಲಿಟ್ಟರೆ ಕೇಸು ಅಂದರು. ಕಾಫಿ ತೋಟದ ಕೂಲಿ ಹಣ್ಣು ಕೀಳುವಾಗ ಮಾತ್ರ. ಹೆಂಡತಿ ಮುತ್ತಿ ಮತ್ತು ಅವಳ ತಮ್ಮ ಸಿದ್ದನನ್ನು ಕಟ್ಟಿಕೊಂಡು ಬಂದು ಹೊರಮಾವಿನ ಶೀಟಿನ ಮನೆ ಸೇರಿದ. ಹಾಡಿಯಲ್ಲಿ ಉಳಿದ ಮಕ್ಕಳು, ಮುದುಕಿ ತಾಯಿ, ಎಲ್ಲರ ಹೊಟ್ಟೆಯೂ ಇವನ ದುಡಿಮೆಯಿಂದಲೇ ತುಂಬಬೇಕು.

ಟೆರೇಸಿನಲ್ಲಿ ಕೂತು ಹಗ್ಗ ಕಾಯುವವನು ಸಿದ್ದ. ಅದು ಅವರ ರೂಢಿ. ಬಂಡೆಯ ಮೇಲಿಂದ ಜೇನಿಗೆ ಇಳಿಯುವಾಗಲೂ ಹೆಂಡತಿಯ ಒಡಹುಟ್ಟಿದವನೇ ಹಗ್ಗ ಕಾಯಬೇಕಂತೆ. ಯಾಕಯ್ಯಾ ಅಂತ ಕೇಳಿದ್ದಕ್ಕೆ ಬೊಮ್ಮ ನಕ್ಕಿದ್ದ. “ಒಡಹುಟ್ಟಿದೋಳನ್ನ ಯಾರಾದ್ರೂ ಮುಂಡೆ ಮಾಡ್ತಾರಾ ಅಕ್ಕಾ?”

ಮೊನ್ನೆ ಸೂಪರ್‌ವೈಸರ್ ಜಗದೀಶ್ ಹೊಸ ರೂಲ್ಸ್ ತಂದ. ಟ್ರೈನಿಂಗ್ ಕಾರ್ಡ್ ಇಲ್ಲದವರು ಟೆರೇಸ್ ಹತ್ತುವಂತಿಲ್ಲ. ಬೊಮ್ಮನಿಗೆ ಕಾರ್ಡ್ ಇತ್ತು. ಸಿದ್ದನಿಗೆ ಆಧಾರೇ ಇಲ್ಲ, ಇನ್ನು ಕಾರ್ಡ್ ಎಲ್ಲಿಂದ ಬರಬೇಕು? ಅವನ ಜಾಗಕ್ಕೆ ಒಡಿಶಾದವನೊಬ್ಬ ಬರುತ್ತಾನೆ ಅಂದ.

“ಹಂಗಾದ್ರೆ ನಾನ್ ಇಳಿಯಾಕಿಲ್ಲ ಸಾರ್” ಅಂದ ಬೊಮ್ಮ.

“ಇಳೀಬೇಡ ಬಿಡು ಗುರು. ನಾಳೆಯಿಂದ ಬೇರೆಯವ್ರನ್ನ ಕರಿಸ್ತೀನಿ.”

ನನಗೆ ಮೈಯೆಲ್ಲ ಉರಿದುಹೋಯಿತು. “ರೀ ಜಗದೀಶ್, ಕರುಳು ಅನ್ನೋದು ಇದ್ಯೇನ್ರೀ ನಿಮ್ಗೆ?”

“ಅಯ್ಯೋ ಸುಭದ್ರಮ್ಮ, ಮೇಲಿನೋರು ಹೇಳಿದ್ದು. ಇವ್ನನ್ನ ಹತ್ತಿಸಿದ್ರೆ ನನ್ ಕೆಲ್ಸಾನೇ ಹೋಗುತ್ತೆ.”

ಅವನ ಮುಖ ನೋಡಿದರೆ ಸುಳ್ಳು ಹೇಳುವವನ ಹಾಗೆ ಕಾಣಲಿಲ್ಲ. ಇನ್ನು ಯಾರಿಗಂತ ಬೈಯಲಿ? ಬೊಮ್ಮ ಫುಟ್‌ಪಾತಿನ ಮೇಲೆ ತಲೆ ತಗ್ಗಿಸಿ ಕೂತ. ಸ್ವಲ್ಪ ಹೊತ್ತಿಗೆ ಎದ್ದು, ಯಾರ ಮುಖವನ್ನೂ ನೋಡದೆ ಬೆಲ್ಟ್ ಹಾಕಿಕೊಂಡು ಒಳಗೆ ಹೋದ. ಸಿದ್ದ ಗೇಟಿನ ಕಂಬಿ ಹಿಡಿದು ಹೊರಗೇ ಉಳಿದ.

ಇಬ್ಬರಿಗೂ ಬುತ್ತಿ ತಂದು ಎಲ್ಲ ಕೇಳಿಸಿಕೊಂಡಿದ್ದ ಮುತ್ತಿ ನನ್ನ ಹತ್ತಿರ ಬಂದಳು. “ಅಕ್ಕಾ, ಒಂದ್ ಟೀ ಕೊಡಿ. ಆ ಒಡಿಶಾದವ್ರಿಗೆ ನನ್ ಕೈಯಾರೆ ಕೊಡ್ಬೇಕು. ಅಣ್ಣಾ ಅಂತ ಕರೆದು ಕೊಟ್ಟಿದ್ದನ್ನ ಕುಡಿದ್ರೆ ಅವ್ರೂ ಅಣ್ಣನೇ ಆಯ್ತಾರೆ.”

ಶುಂಠಿ ಜಜ್ಜಿ ಹಾಕಿ ಒಳ್ಳೆಯ ಟೀ ಮಾಡಿಕೊಟ್ಟೆ.

ಒಡಿಶಾದವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗಡಿಬಿಡಿಯಲ್ಲಿ ಬಂದ. ಮುತ್ತಿ ಎರಡೂ ಕೈಯಲ್ಲಿ ಲೋಟ ಚಾಚಿದಳು. “ಅಣ್ಣಾ, ಕುಡೀರಿ.” ಅವನು ನಿಂತಲ್ಲೇ ಕುಡಿದ. ಅವಳು ನನ್ನ ಗಾಡಿಯ ಕೆಲಸದವಳು ಅಂದುಕೊಂಡನೋ ಏನೋ, ಖಾಲಿ ಲೋಟದ ಜೊತೆ ಹತ್ತರ ನೋಟೊಂದನ್ನು ಕೈಗಿಟ್ಟ.

“ಏಯ್! ಅವಳು ನಿನ್ನ ತಂಗಿ ಕಣೋ!” ಅಂತ ಕೂಗಿದೆ.

ಅವನಿಗೆ ಕನ್ನಡ ಬರಬೇಕಲ್ಲ! ದುಡ್ಡು ಸಾಲಲಿಲ್ಲ ಅಂದುಕೊಂಡು ಇನ್ನೊಂದು ನಾಣ್ಯ ಕೊಟ್ಟು ಗೇಟಿನೊಳಗೆ ಓಡಿದ.

ಮುತ್ತಿ ಅಂಗೈ ಬಿಚ್ಚಿಕೊಂಡೇ ನನ್ನ ಹತ್ತಿರ ಬಂದಳು. “ಕಾಸು ಕೊಟ್ಬುಟ್ರಲ್ಲಾ ಅಕ್ಕಾ. ಈಗ ಅವ್ರು ನಂಗೆ ಯಾರೂ ಅಲ್ಲ.”

ಲೋಟ ತೊಳೆದಿಟ್ಟು ಅವಳನ್ನು ಕರೆದುಕೊಂಡು ಸಿದ್ದನ ಪಕ್ಕ ಹೋಗಿ ನಿಂತೆ. ನಾವು ಮೂವರೂ ತಲೆಯೆತ್ತಿ ನೋಡಿದೆವು. ಟೆರೇಸಿನಿಂದ ಹಗ್ಗ ಇಳಿಬಿದ್ದಿತ್ತು, ಬೊಮ್ಮ ಇಳಿಯತೊಡಗಿದ್ದ.